ಹೋಳಿನ ಮರ್ಯಾದೆ

ಅಕ್ಕ ತೀರಿಕೊಂಡ ಸುದ್ದಿ ಬಂದ ದಿನ ಅನಂತರಾಜಯ್ಯನವರು ಪ್ರಯೋಗಶಾಲೆಯ ಕಿಟಕಿಯ ಬಳಿ ನಿಂತು ಸೇಬಿನ ಹೋಳೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹೋಳು ಬೆಳ್ಳಗಿತ್ತು. ಅಂಚಿನಲ್ಲಿ ಸಹ ಕಂದು ಬಣ್ಣದ ಸುಳಿವಿರಲಿಲ್ಲ. ಹೆಚ್ಚಿ ವಾರ ಕಳೆದಿದ್ದರೂ ಯಾರೋ ಈಗ ಹೆಚ್ಚಿ ಕೈಗಿತ್ತ ಹಾಗೆ ತೇವದಿಂದ ಹೊಳೆಯುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಅಕ್ಕನ ಮಗ ಪಾರ್ಶ್ವ.

"ಮಾವ, ಅಮ್ಮ ಹೋಗ್ಬಿಟ್ರು."

"ಎಲ್ಲಿಗೆ ಹೋದ್ಳೋ? ಉಪವಾಸ ಮಾಡಿ ಸುಸ್ತಾದವಳನ್ನ ಒಬ್ಬಳೇ ಯಾಕೆ ಕಳಿಸ್ದೆ?"

ಆ ಕಡೆ ಪಾರ್ಶ್ವ ಬಿಕ್ಕತೊಡಗಿದ ಮೇಲೆಯೇ ಅವರಿಗೆ ಮಾತಿನ ಅರ್ಥ ಹೊಳೆದದ್ದು. ಹೋಳನ್ನು ತಟ್ಟೆಯಲ್ಲಿಟ್ಟರು. ಕೈ ತೊಳೆದುಕೊಂಡರು. ಣಮೋಕಾರ ಮಂತ್ರ ಹೇಳಿಕೊಳ್ಳಲೆಂದು ಬಾಯಿ ತೆರೆದರೆ ಮೊದಲ ಸಾಲೇ ಗಂಟಲಿನಲ್ಲಿ ನಿಂತುಹೋಯಿತು.

ಅನಂತರಾಜಯ್ಯನವರಿಗೆ ತಾಯಿಯ ಮುಖದ ನೆನಪಿಲ್ಲ. ಎತ್ತಿ ಆಡಿಸಿ, ಬೈದು, ಓದಿಸಿ ಬೆಳೆಸಿದವರು ಈ ಅಕ್ಕ, ಮರುದೇವಮ್ಮ. ಜೈನರ ಹತ್ತು ದಿನಗಳ ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿಯುವುದು ಆಕೆಯ ಪದ್ಧತಿ. ವಯಸ್ಸಾಯಿತು, ಬೇಡ ಎಂದರೆ, "ನಿನಗೆ ಹಸಿವಾದ್ರೆ ನೀನು ಉಣ್ಣು" ಎಂದು ಬಾಯಿ ಮುಚ್ಚಿಸುತ್ತಿದ್ದರು. ಈ ಸಲವೂ ಉಪವಾಸ ಚೆನ್ನಾಗಿಯೇ ನಡೆದಿತ್ತು. ಹಿಂದಿನ ದಿನ ಬೆಳಿಗ್ಗೆ ಪಾರಣೆ, ಎಂದರೆ ಉಪವಾಸ ಬಿಡುವ ಊಟ. ಸಂಜೆಗೆ ಹೊಟ್ಟೆ ಹಿಡಿದುಕೊಂಡಿತು. ವಾಂತಿ, ಜ್ವರ, ಆಸ್ಪತ್ರೆ. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ತಿಂದದ್ದರಲ್ಲಿ ಏನೋ ಕೆಟ್ಟಿತ್ತು. ಉಪವಾಸದಿಂದ ಸೋತಿದ್ದ ಮೈ, ತಡೆಯಲಿಲ್ಲ," ಎಂದರು ವೈದ್ಯರು.

ತಿಂದದ್ದಾದರೂ ಏನು? ಕಾಯಿಸಿ ಆರಿಸಿದ ನೀರು, ಹೆಸರುಬೇಳೆ ಗಂಜಿ, ಒಂದು ತಟ್ಟೆ ಸೇಬಿನ ಹೋಳು. ಗಂಜಿ ಮಾಡಿದವರು ಪಕ್ಕದ ಮನೆಯ ಸುನಂದಮ್ಮ. ಅದನ್ನು ಮನೆಮಂದಿಯೆಲ್ಲ ಕುಡಿದಿದ್ದರು, ಸುನಂದಮ್ಮನೂ ಕುಡಿದಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಸೇಬನ್ನು ತಿಂದವರು ಅಕ್ಕ ಒಬ್ಬರೇ. ತಂದಿಟ್ಟವಳು ಸೊಸೆ ಹಂಸವೇಣಿ.

ಸಂಸ್ಕಾರ ಮುಗಿದು ಮನೆಗೆ ಬಂದಾಗ ನಡುಮನೆಯಲ್ಲಿ ಕೂತವರ ಕಣ್ಣುಗಳೆಲ್ಲ ಅಡಿಗೆಮನೆಯ ಬಾಗಿಲ ಕಡೆಗೇ ಇದ್ದವು. ವೇಣಿ ಮಂಡ್ಯದ ಕಡೆಯ ಒಕ್ಕಲಿಗರ ಹುಡುಗಿ, ಪಾರ್ಶ್ವ ಮೆಚ್ಚಿ ಮದುವೆಯಾದವಳು. ಅತ್ತೆ ಸೊಸೆಯರ ನಡುವೆ ಜಗಳವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಿಬಿಟ್ಟು ಯಾರೂ ಏನೂ ಹೇಳಲಿಲ್ಲ. ಆದರೆ ಅವಳು ತಂದುಕೊಟ್ಟ ನೀರಿನ ಲೋಟಗಳು ತುಂಬಿದ್ದ ಹಾಗೆಯೇ ನೆಲದ ಮೇಲೆ ಉಳಿದವು. ಅನಂತರಾಜಯ್ಯನವರೂ ತಮ್ಮ ಲೋಟವನ್ನು ಮುಟ್ಟಲಿಲ್ಲ.

ಅವರ ಅನುಮಾನಕ್ಕೆ ಇನ್ನೊಂದು ಮುಖವೂ ಇತ್ತು. ಅದನ್ನು ಅವರು ಯಾರ ಮುಂದೆಯೂ ಆಡುವಂತಿರಲಿಲ್ಲ. ಆ ಸೇಬಿಗೆ ಬಳಿದ ರಸ ಅವರದೇ.

ಆ ಕಾಲಕ್ಕೆ ಮೈಸೂರಿನ ಅಡಿಗೆಮನೆಗಳಲ್ಲಿ ಚಾಕು ಕಾಣುವುದೇ ಅಪರೂಪವಾಗಿತ್ತು. ಬೀದಿಬೀದಿಗೂ ಹೋಳುಪೆಟ್ಟಿಗೆಗಳು ನಿಂತಿದ್ದವು. ಆಳೆತ್ತರದ ತಣ್ಣನೆಯ ಪೆಟ್ಟಿಗೆ. ಮುಂದೆ ನಿಂತು ಬೇಕಾದ್ದನ್ನು ಹೇಳಿದರೆ ಒಳಗಿನ ಕೈ ಬಾಳೆಕಾಯಿಯನ್ನೋ ಸೇಬನ್ನೋ ಆಲೂಗಡ್ಡೆಯನ್ನೋ ಹೋಳುಗಳ ರೂಪದಲ್ಲೇ ಎತ್ತಿಕೊಡುತ್ತಿತ್ತು. ಕೊಡುವಾಗ, "ಈಗಷ್ಟೇ ಹೆಚ್ಚಿದಂತಿದೆ, ಸವಿಯಿರಿ," ಎಂದು ಇನಿದನಿಯಲ್ಲಿ ಹೇಳುತ್ತಿತ್ತು. ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕುವುದು, ಹೆಚ್ಚಿದ ಬಾಳೆಕಾಯಿಯನ್ನು ಉಪ್ಪುನೀರಿನಲ್ಲಿ ಮುಳುಗಿಸುವುದು, ಬೆರಳಿಗೆ ಹತ್ತಿದ ಕರೆಯನ್ನು ಹುಣಸೆಹಣ್ಣಿನಿಂದ ಉಜ್ಜುವುದು, ಇವೆಲ್ಲ ಮರೆತುಹೋಗಿ ಒಂದು ತಲೆಮಾರು ಬೆಳೆದಿತ್ತು. ಸೇಬು ಗುಂಡಗಿರುತ್ತದೆ ಎಂಬುದನ್ನು ಪಾರ್ಶ್ವನ ಮಗಳಿಗೆ ಶಾಲೆಯಲ್ಲಿ ಚಿತ್ರ ಬರೆದು ಹೇಳಿಕೊಟ್ಟಿದ್ದರು.

ಇದೆಲ್ಲ ಸಾಧ್ಯವಾದದ್ದು ಅನಂತರಾಜಯ್ಯನವರ 'ಕಾವಲು ರಸ'ದಿಂದ. ಹಣ್ಣನ್ನು ಹೆಚ್ಚಿದಾಗ ಅದರ ಕೋಶಗಳು ಒಡೆಯುತ್ತವೆ. ಒಳಗೆ ಬೇರೆಬೇರೆಯಾಗಿದ್ದ ಒಂದು ಕಿಣ್ವ ಮತ್ತು ಕೆಲವು ಒಗರು ಪದಾರ್ಥಗಳು ಒಂದಕ್ಕೊಂದು ತಾಕುತ್ತವೆ. ಗಾಳಿಯ ಆಮ್ಲಜನಕವೂ ಸೇರಿಕೊಂಡು ಹೋಳು ಕಂದಾಗುತ್ತದೆ. ಆ ಕಿಣ್ವದ ಎದೆಯಲ್ಲಿ ತಾಮ್ರದ ಕಣಗಳಿವೆ. ಅವನ್ನು ಗಟ್ಟಿಯಾಗಿ ಹಿಡಿದು ಕೂರಿಸಿಬಿಟ್ಟರೆ ಕಿಣ್ವ ಮೂಕವಾಗುತ್ತದೆ. ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ, ಚಹಾದ ಚಿಗುರು, ಈ ಮೂರರ ಸಾರವನ್ನು ಒಂದು ಹದದಲ್ಲಿ ಬೆರೆಸಿ ಅವರು ಆ ಕೆಲಸ ಸಾಧಿಸಿದ್ದರು. ಮೊದಮೊದಲು ಅದರಲ್ಲಿ ಈರುಳ್ಳಿ ಸಿಪ್ಪೆಯೂ ಇತ್ತು. ಈರುಳ್ಳಿ ಮುಟ್ಟದ ಅಕ್ಕ ಸುದ್ದಿ ತಿಳಿದು, "ಆ ರಸ ಬಿದ್ದ ಹಣ್ಣು ನನ್ನ ಹೊಸಿಲು ದಾಟಕೂಡದು ನೋಡು," ಎಂದಿದ್ದರು. ದಾಳಿಂಬೆ ಬಂದದ್ದು ಆ ಮಾತಿನ ಮೇಲೆ. ರಸ ಇನ್ನೂ ಬಲವಾಯಿತು.

ಸೂತಕದ ದಿನಗಳಲ್ಲಿ ಬಸದಿಗೆ ಹೋಗುವಂತಿಲ್ಲ. ಅನಂತರಾಜಯ್ಯನವರು ಪ್ರಯೋಗಶಾಲೆಗೆ ಹೋಗಿ ಕೂತರು. ರಸವನ್ನು ಸೋಸಿ, ಬೇರ್ಪಡಿಸಿ, ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿದರು. ನೆಲ್ಲಿಕಾಯಿ ಒದಗಿಸುವವನು ಏನನ್ನೋ ಕಲಬೆರಕೆ ಮಾಡಿರಬಹುದು ಎಂಬ ಗುಮಾನಿ ಒಮ್ಮೆ. ಖರ್ಚು ಉಳಿಸಲು, ತಾವು ಕೆಲಸ ಮಾಡುವ ಹೋಳುಪೆಟ್ಟಿಗೆ ಕಂಪನಿಯವರೇ ರಾಸಾಯನಿಕ ಬೆರೆಸಿರಬಹುದು ಎಂಬ ಗುಮಾನಿ ಇನ್ನೊಮ್ಮೆ. ಪಕ್ಕದಲ್ಲಿ ಕೂರುವ ಸಹೋದ್ಯೋಗಿ ಕಾಫಿ ತಂದುಕೊಟ್ಟರೆ ಅದನ್ನೂ ಮೂಸಿ ನೋಡಿದರು. ರಸದಲ್ಲಿ ಯಾವ ದೋಷವೂ ಸಿಗಲಿಲ್ಲ. ನೆಲ್ಲಿ ನೆಲ್ಲಿಯಾಗಿತ್ತು, ದಾಳಿಂಬೆ ದಾಳಿಂಬೆಯಾಗಿತ್ತು. ಅವರಿಗೆ ಸಮಾಧಾನವಾಗಬೇಕಿತ್ತು. ಬದಲಾಗಿ ಮನಸ್ಸು ಮತ್ತೆ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಿತು.

ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದಾಗ ಸುನಂದಮ್ಮ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಇವರನ್ನು ಕಂಡು ದನಿ ತಗ್ಗಿಸಿದರು.

"ಅನಂತು, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಮರುದೇವಿ ಮರ್ಯಾದೆ ನೋಡ್ದೆ ಬಾಯಿಗೆ ಇಟ್ಟೋಳಲ್ಲ. ಅವತ್ತು ಆ ಹಣ್ಣಿನ ಮರ್ಯಾದೆ ಹೇಳಿದ್ದು ಯಾರು?"

"ನಾನು ಕೇಳಿಲ್ಲ, ಸುನಂದಕ್ಕ."

"ಕೇಳು. ಒಳಗಿದ್ದಾಳೆ."

ವೇಣಿ ಒಳಗೆ ಅತ್ತೆಯ ಸೀರೆಗಳನ್ನು ಮಡಿಸುತ್ತಿದ್ದಳು. ಮುಖ ಬತ್ತಿತ್ತು. ಮಾವ ಬಂದದ್ದು ಯಾಕೆಂದು ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ. ಕೂರಿ ಎನ್ನಲೂ ಇಲ್ಲ.

"ಕೇಳಿಬಿಡಿ ಮಾವ. ಎಲ್ರೂ ಕಣ್ಣಲ್ಲೇ ಕೇಳ್ತಿದ್ದಾರೆ. ನೀವಾದ್ರೂ ಬಾಯಲ್ಲಿ ಕೇಳಿ."

"ಅವತ್ತು ತಟ್ಟೆ ಇಟ್ಟಾಗ ಅಕ್ಕ ಏನಂದಳಮ್ಮ?"

ವೇಣಿ ಸೀರೆಯನ್ನು ಕೆಳಗಿಟ್ಟಳು. "ಯಾವಾಗ್ಲೂ ಅವರೇ ಹಣ್ಣು ಹೆಚ್ಕೊಳ್ಳೋರು. ಅವತ್ತು ಕೈ ನಡುಗ್ತಿತ್ತು. ನಾನೇ ಓಡಿಹೋಗಿ ಪೆಟ್ಟಿಗೆಯಿಂದ ತಂದೆ. ಬೀದಿ ತುಂಬ ಜನ, ಎಲ್ರ ಮನೇಲೂ ಪಾರಣೆ. ತಂದು ತಟ್ಟೆಗಿಟ್ರೆ, 'ಇದರ ಮರ್ಯಾದೆ ಸರಿಯಾಗಿದೆಯೇನಮ್ಮ?' ಅಂದ್ರು. ನನಗೆ ಮೈಯೆಲ್ಲ ಉರೀತು ಮಾವ. ಇಷ್ಟು ವರ್ಷ ಆದ್ಮೇಲೂ ನನ್ ಕೈಯಿಂದ ತಿನ್ನೋಕೆ ಮರ್ಯಾದೆ ಕೇಳ್ತಾರಲ್ಲ ಅನ್ನಿಸ್ತು. 'ಮರ್ಯಾದೆಯಾಗೇ ತಂದಿದ್ದೀನಿ ಅತ್ತೆ, ತಿನ್ನಿ' ಅಂದೆ. ಹೋಳನ್ನ ತಿರುಗಿಸಿ ತಿರುಗಿಸಿ ನೋಡಿದ್ರು. ಬೆಳ್ಳಗಿತ್ತು. ತಿಂದ್ರು."

ಅನಂತರಾಜಯ್ಯನವರು ಅವಳ ಎದುರಿಗೆ ಕೂತರು.

"ಅವಳು ಕೇಳಿದ್ದು ನಿನ್ನ ಮರ್ಯಾದೆ ಅಲ್ಲಮ್ಮ. ಹಣ್ಣಿಂದು. ನಮ್ಮಲ್ಲಿ ಮರ್ಯಾದೆ ಅಂದ್ರೆ ಹೊತ್ತು. ಬೀಸಿದ ಹಿಟ್ಟಿಗೆ ಇಷ್ಟು ದಿನ, ಕಾಯಿಸಿದ ನೀರಿಗೆ ಇಷ್ಟು ಹೊತ್ತು, ಹೆಚ್ಚಿದ ಹಣ್ಣಿಗೆ ಇಷ್ಟು. ಅದು ಮೀರಿದ್ರೆ ಅದರಲ್ಲಿ ಜೀವ ಹುಟ್ಟುತ್ತೆ, ತಿನ್ನಬಾರದು. ಯಾವಾಗ ಹೆಚ್ಚಿದ್ದು ಅಂತ ಕೇಳಿದ್ದು ಅಷ್ಟೇ."

ವೇಣಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. "ಯಾರೂ ಹೇಳ್ಲಿಲ್ಲ ನನಗೆ. ಈ ಮನೇಲಿ ಇಷ್ಟು ವರ್ಷ... ಯಾರೂ ಹೇಳ್ಲಿಲ್ಲ." ಸ್ವಲ್ಪ ಸುಧಾರಿಸಿಕೊಂಡು, "ಅರ್ಥ ಆಗಿದ್ರೂ ನಾನೇನು ಹೇಳ್ತಿದ್ದೆ ಮಾವ? ಯಾವಾಗ ಹೆಚ್ಚಿದ್ದು ಅಂತ ಪೆಟ್ಟಿಗೆ ಹೇಳೋದೇ ಇಲ್ವಲ್ಲ," ಎಂದಳು.

ಆ ಮಾತು ಅವರನ್ನು ಚುಚ್ಚಿತು. ರಸ ಕಂಡುಹಿಡಿದವರು ತಾವು. ಪೆಟ್ಟಿಗೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಒಂದು ದಿನವೂ ನಿಂತು ಕೇಳಿರಲಿಲ್ಲ. ಹಾಗಿದ್ದರೂ ಹೊರಡುವಾಗ ಅವರ ಮನಸ್ಸಿನ ಮೂಲೆಯಲ್ಲಿ ಒಂದು ಹುಳ ಮಿಸುಕುತ್ತಲೇ ಇತ್ತು. ಅಳು ಯಾರಿಗೆ ಬರುವುದಿಲ್ಲ?

ನಗರದ ಹೋಳುಪೆಟ್ಟಿಗೆಗಳನ್ನೆಲ್ಲ ನೋಡಿಕೊಳ್ಳುವ ನಿಯಂತ್ರಣ ಕೊಠಡಿ ಕಂಪನಿಯ ನೆಲಮಾಳಿಗೆಯಲ್ಲಿತ್ತು. ಗೋಡೆಯ ಉದ್ದಕ್ಕೂ ಪರದೆಗಳು. ಅಲ್ಲಿಯ ಉಸ್ತುವಾರಿ ಚಾಮರಾಜನಗರದ ಮಾದೇಶನದು. ಮಾತುಗಾರ.

"ಬನ್ನಿ ಸಾರ್. ರಸದೋರು ನಮ್ ಬಿಲಕ್ಕೆ ಇಳಿದಿದ್ದು ಇದೇ ಮೊದ್ಲು."

"ಮಾದೇಶ, ಹೆಚ್ಚಿದ ಹೊತ್ತು ಯಾವ ಪರದೇಲಿ ಬರುತ್ತೆ?"

"ಅದು ಬರಲ್ಲ ಸಾರ್. ಮೊದ್ಲು ಬರ್ತಿತ್ತು. ಪೆಟ್ಟಿಗೆ ಒಳಗೆ ಕ್ಯಾಮೆರಾ ಕೂರಿಸಿದ್ಮೇಲೆ ತೆಗೆದ್ಬಿಟ್ರು. ಹೋಳು ಕಂದಾದ್ರೆ ಕ್ಯಾಮೆರಾಗೆ ಕಾಣುತ್ತೆ, ಪೆಟ್ಟಿಗೇನೇ ಎತ್ತಿ ಕಸಕ್ಕೆ ಹಾಕುತ್ತೆ. ಕಣ್ಣಿಗೇ ಕಾಣೋವಾಗ ಗಡಿಯಾರ ಯಾಕೆ ಅಂದ್ರು."

"ಈಚೆಗೆ ಯಾವತ್ತಾದರೂ ಕಸಕ್ಕೆ ಹಾಕಿದ್ದು ನೋಡಿದ್ದೀಯ?"

ಮಾದೇಶ ತಲೆ ಕೆರೆದುಕೊಂಡ. "ಒಂದ್ಸಲ ಬಾಳೆಕಾಯಿ... ಇಲ್ಲ ಸಾರ್, ಅದು ಹಲ್ಲಿ ಬಿದ್ದಿತ್ತು. ಕಸದ ಬುಟ್ಟಿ ಖಾಲೀನೇ ಇರುತ್ತೆ. ಒಂದು ಹೋಳೂ ದಂಡ ಆಗಿಲ್ಲ ಅಂತ ಹೋದ್ ವರ್ಷ ನಮಗೆ ಶಾಲು ಹೊದಿಸಿದ್ರಲ್ಲ."

ಅನಂತರಾಜಯ್ಯನವರು ಪರದೆಯ ಹತ್ತಿರಕ್ಕೆ ಬಗ್ಗಿದರು. ಕ್ಯಾಮೆರಾ ಕಾಯುತ್ತಿದ್ದದ್ದು ಕಂದು ಬಣ್ಣಕ್ಕಾಗಿ. ಆ ಬಣ್ಣ ಬಾರದಂತೆ ಮಾಡಿದ್ದು ರಸ. ಹಾಗಾದರೆ ಪೆಟ್ಟಿಗೆಯ ತಳದಲ್ಲಿರುವ ಹೋಳುಗಳು ಯಾವ ಕಾಲದವು?

ಅನುಮಾನವೊಂದನ್ನೇ ನೆಚ್ಚಿಕೊಂಡು ಯಾರ ಮೇಲೂ ಬೆರಳು ತೋರಿಸುವಂತಿಲ್ಲ. ಮಾದೇಶನ ಕೈಯಿಂದ ಪೆಟ್ಟಿಗೆಯ ಹಿಂಬಾಗಿಲು ತೆಗೆಸಿ, ಉಗುರಿನಿಂದ ಗೀರು ಮಾಡಿದ ಕೆಲವು ಸೇಬಿನ ಹೋಳುಗಳನ್ನು ಒಳಗಿಟ್ಟರು. ಅಕ್ಕನ ಬೀದಿಯ ಪೆಟ್ಟಿಗೆಯೇ ಅದು. ಆಮೇಲೆ ದಿನವೂ ಹೋಗಿ ಸೇಬು ಕೇಳುತ್ತ ಬಂದರು. ಗೀರಿನ ಹೋಳು ಬರಲಿಲ್ಲ. ದಿನದಿನವೂ ಹೊಸ ಸರಕು ಮೇಲೆ ಬೀಳುತ್ತಿತ್ತು, ಒಳಗಿನ ಕೈ ಮೇಲಿನದನ್ನೇ ಎತ್ತುತ್ತಿತ್ತು, ಹಳೆಯದು ಅಡಿಯಲ್ಲೇ ಕೂತಿತ್ತು. ಪೆಟ್ಟಿಗೆಯ ಮುಂದೆ ಬಗ್ಗಿ ನೋಡುವ ಈ ಮುದುಕನನ್ನು ಬೀದಿಯವರು ಅನುಮಾನದಿಂದ ನೋಡತೊಡಗಿದರು. "ಏನ್ ತಾತ, ಒಳಗೇನಾದ್ರೂ ಬೀಳಿಸ್ಕೊಂಡ್ರಾ?" ಎಂದು ಒಬ್ಬಳು ಛೇಡಿಸಿಯೂ ಬಿಟ್ಟಳು.

ಮಹಾಲಯ ಅಮಾವಾಸ್ಯೆಯ ಹಬ್ಬ ಬಂತು. ಪೆಟ್ಟಿಗೆಯ ಮುಂದೆ ಜನವೋ ಜನ. ಹೊತ್ತು ಏರುತ್ತಿದ್ದಂತೆ ಸರಕು ತಳ ಕಂಡಿತು. ಸರದಿ ಬಂದಾಗ ಅನಂತರಾಜಯ್ಯನವರು ಕೈಯೊಡ್ಡಿದರು. ಬಟ್ಟಲಿಗೆ ಬಿದ್ದ ಹೋಳಿನ ಅಂಚಿನಲ್ಲಿ ಅವರದೇ ಉಗುರಿನ ಗೀರು.

"ಈಗಷ್ಟೇ ಹೆಚ್ಚಿದಂತಿದೆ, ಸವಿಯಿರಿ," ಎಂದಿತು ಪೆಟ್ಟಿಗೆ.

ಪಾರಣೆಯ ದಿನವೂ ಹೀಗೆಯೇ ಜನ ಮುಗಿಬಿದ್ದಿದ್ದರು. ವೇಣಿ ಓಡಿಹೋಗಿ ತಂದದ್ದು ಪೆಟ್ಟಿಗೆಯ ತಳದ ಹೋಳುಗಳನ್ನು.

ಪ್ರಯೋಗಶಾಲೆಗೆ ಹೋಗಿ ಆ ಹೋಳನ್ನು ತೊಳೆದ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹೊರಗೆ ಬೆಳ್ಳಗೆ ನಗುತ್ತಿದ್ದ ಹಣ್ಣಿನ ಮೈತುಂಬ ಕಡ್ಡಿಯಂಥ ಜೀವಿಗಳು ಕಿಕ್ಕಿರಿದು ಹೊರಳುತ್ತಿದ್ದವು. ತಂಪಿನಲ್ಲೂ ನಿಧಾನವಾಗಿ ಬೆಳೆಯುವ ಜಾತಿ. ಮರ್ಯಾದೆ ಮೀರಿದರೆ ಜೀವ ಹುಟ್ಟುತ್ತದೆ ಎಂದು ಅಕ್ಕ ಹೇಳುತ್ತಿದ್ದಾಗ ಅವರು ವಿಜ್ಞಾನಿಯ ನಗು ನಗುತ್ತಿದ್ದುದುಂಟು. ಈಗ ಕಣ್ಣೆತ್ತಲು ಆಗಲಿಲ್ಲ.

ಕಂಪನಿಯ ನಿರ್ದೇಶಕ ವಿಶಾಖ ಎಲ್ಲವನ್ನೂ ಸಮಾಧಾನದಿಂದ ಕೇಳಿದ. ವಯಸ್ಸಿನಲ್ಲಿ ಚಿಕ್ಕವನು, ನಯವಂತ.

"ಸಾರ್, ದೊಡ್ಡವರು ನೀವು. ಆದರೆ ಒಂದು ಗಮನಿಸಿ. ಪೆಟ್ಟಿಗೆ ಎಲ್ಲೂ 'ಈಗ ಹೆಚ್ಚಿದ್ದು' ಅಂತ ಹೇಳಲ್ಲ. 'ಹೆಚ್ಚಿದಂತಿದೆ' ಅನ್ನುತ್ತೆ. ವಕೀಲರನ್ನ ಕೇಳಿಯೇ ಇಟ್ಟಿರೋ ಮಾತು ಅದು."

"ಅಂದ್ರೆ ಹೀಗಾಗಬಹುದು ಅಂತ ನಿಮಗೆ ಮೊದಲೇ ಅನುಮಾನ ಇತ್ತು."

ವಿಶಾಖ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದ. "ಗಡಿಯಾರದ ವಿಷಯ ಮುಂದಿನ ವರ್ಷದ ಪೆಟ್ಟಿಗೆಗಳಲ್ಲಿ ನೋಡೋಣ," ಎಂದ. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ತಪ್ಪು ತಿಳ್ಕೋಬೇಡಿ. ಆ ಸೊಸೆ ಬೇರೆ ಜಾತಿಯವರಂತೆ, ಅತ್ತೆ ಜೊತೆ ಅಷ್ಟಕ್ಕಷ್ಟೇ ಅಂತೆ. ಮನೆಗೆ ತಂದ ಮೇಲೆ ಆ ತಟ್ಟೆಗೆ ಏನಾಯ್ತು ಅಂತ ಯಾರಿಗೆ ಗೊತ್ತು?" ಎಂದ.

ತಮ್ಮ ಎದೆಯಲ್ಲಿ ಇಷ್ಟು ದಿನ ಮಿಸುಕುತ್ತಿದ್ದ ಹುಳ ಇನ್ನೊಬ್ಬನ ಬಾಯಿಂದ ಹೊರಬಿದ್ದು ಮೇಜಿನ ಮೇಲೆ ಹರಿದಾಡುವುದನ್ನು ಅನಂತರಾಜಯ್ಯನವರು ಕಣ್ಣಾರೆ ಕಂಡರು. ಅಸಹ್ಯವಾಯಿತು. ಎದ್ದು ನಿಂತರು.

"ನಮ್ಮ ಮನೆ ಹುಡುಗಿ ಅವಳು. ಅವಳ ಹೆಸರು ಇನ್ನೊಂದು ಸಲ ಎತ್ತಬೇಡಿ."

ರಸದ ಹದ ನೋಡುವವರು ಅವರೇ. ಅಂದು ಅವರು ದಾಳಿಂಬೆ ಸಿಪ್ಪೆಯ ಪಾಲನ್ನು ತಗ್ಗಿಸಿದರು. ಬೆಳಿಗ್ಗೆ ಹೆಚ್ಚಿದ ಸೇಬು ಬೆಳಗಿನ ಮಟ್ಟಿಗೆ ಬೆಳ್ಳಗಿದ್ದು, ಹೊತ್ತು ಮುಳುಗುವಷ್ಟರಲ್ಲಿ ತನ್ನ ಬಣ್ಣ ತೋರಿಸುವ ಹಾಗೆ. ಆಮೇಲೆ ನೆಲಮಾಳಿಗೆಗೆ ಇಳಿದು ಮಾದೇಶನಿಗೆ ಎಲ್ಲವನ್ನೂ ಹೇಳಿದರು. ಹಳೆಯ ಹೋಳು ಒಂದೂ ಒಳಗೆ ಉಳಿಯಬಾರದು.

ಮಾದೇಶ ಮೊದಲು ನಗಲು ಹೋದ. ನಗು ಬರಲಿಲ್ಲ. "ನನ್ ಮಗಳಿಗೆ ದಿನಾ ಅದನ್ನೇ ಡಬ್ಬಿಗೆ ಹಾಕಿ ಕಳಿಸ್ತೀವಿ ಸಾರ್," ಎಂದ. ಪರದೆಗಳ ಕಡೆಗೆ ತಿರುಗಿ, "ಪೆಟ್ಟಿಗೆಗಳನ್ನ ತೊಳೆಸಿ ಎಷ್ಟು ದಿನ ಆಯ್ತೋ. ಹಬ್ಬದ ಮಾರನೇ ದಿನ ತೊಳೆಸಿದ್ರೆ ಯಾರು ಬೇಡ ಅಂತಾರೆ? ಎಲ್ಲಾ ಬಾಚಿ ಗೊಬ್ಬರಕ್ಕೆ ಕಳಿಸ್ತೀನಿ," ಎಂದ.

ಮರುದಿನ ಸಂಜೆ ಮೈಸೂರಿಗೆ ಮೈಸೂರೇ ಗಾಬರಿಯಾಯಿತು. ಮಾದೇಶನ ಕೊಠಡಿಯ ಫೋನುಗಳು ಒಂದೇ ಸಮನೆ ಹೊಡೆದುಕೊಂಡವು.

"ಸೇಬಿಗೆ ತುಕ್ಕು ಹಿಡಿದಿದೆ ಕಣ್ರೀ!"

"ಬಾಳೆಕಾಯಿ ಮೇಲೆ ಯಾರೋ ಕಾಫಿ ಚೆಲ್ಲಿದ್ದಾರೆ."

"ವಿಷ ಹಾಕಿದ್ದಾರೆ ಅಂತ ನಮ್ ಬೀದೀಲೆಲ್ಲ ಸುದ್ದಿ, ಪೊಲೀಸಿಗೆ ಹೇಳ್ಬೇಕಾ?"

ಇಷ್ಟು ದಿನ ಕೊಳೆತದ್ದನ್ನು ನಂಬಿ ತಿಂದ ಜನ ಈಗ ಹಣ್ಣಿನ ನಿಜವಾದ ಬಣ್ಣವನ್ನು ಕಂಡು ಹೆದರಿದ್ದರು. ಒಬ್ಬ ಮುದುಕಿ ಮಾತ್ರ, "ಕಪ್ಪಾಗಿದೆಯಲ್ಲಪ್ಪ! ಎಷ್ಟು ವರ್ಷ ಆಗಿತ್ತು ನೋಡಿ," ಎಂದು ಸಂತೋಷದಿಂದ ಕೂಗಿ ಫೋನು ಇಟ್ಟಳು. ಮಾದೇಶ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: "ವಿಷ ಅಲ್ಲಮ್ಮ. ಬೆಳಿಗ್ಗೆ ಹೆಚ್ಚಿದ್ದು, ಸಂಜೆ ಆಯ್ತು, ಅದನ್ನ ಹೇಳ್ತಿದೆ ಅಷ್ಟೇ." ಪರದೆಗಳ ಮೇಲೆ ಕಸದ ಬುಟ್ಟಿಗಳು ಒಂದೊಂದಾಗಿ ತುಂಬುತ್ತಿದ್ದವು.

ವಿಶಾಖ ಅನಂತರಾಜಯ್ಯನವರನ್ನು ಕೆಲಸದಿಂದ ತೆಗೆದುಹಾಕಿದ. ಅವರು ಎದುರಾಡಲಿಲ್ಲ. ನಾಳೆಯೋ ನಾಡಿದ್ದೋ ಇನ್ನೊಬ್ಬನ ಕೈಯಿಂದ ರಸವನ್ನು ಮತ್ತೆ ಬಲಪಡಿಸುತ್ತಾರೆ ಎಂಬ ಅನುಮಾನ ಅವರಿಗೆ ಇದ್ದೇ ಇತ್ತು. ಆದರೆ ಮನೆಗೆ ಹೋಗುವಾಗ ಅಕ್ಕನ ಬೀದಿಯಲ್ಲಿ ಒಂದು ನೋಟ ಕಂಡಿತು. ಪೆಟ್ಟಿಗೆಯ ಮುಂದೆ ಹೆಂಗಸರು ಗುಂಪು ಕಟ್ಟಿದ್ದರು. ಹಿಂದೊಮ್ಮೆ ಅವರನ್ನು ಛೇಡಿಸಿದ್ದವಳು ಪೆಟ್ಟಿಗೆಯನ್ನು ಅಂಗೈಯಿಂದ ಬಡಿಯುತ್ತ ಗದರಿಸುತ್ತಿದ್ದಳು: "ಹೆಚ್ಚಿದಂತಿದೆ ಗಿಚ್ಚಿದಂತಿದೆ ಬೇಡ. ಯಾವಾಗ ಹೆಚ್ಚಿದ್ದು, ಅದನ್ನ ಬೊಗಳು!" ಹೆಂಗಸರು ಬರಿಗೈಯಲ್ಲಿ ಅಲ್ಲೇ ನಿಂತಿದ್ದರು, ಕದಲಲಿಲ್ಲ.

ಸೂತಕ ಕಳೆದ ಮೇಲೆ ಬಸದಿಯಲ್ಲಿ ಅಕ್ಕನ ಹೆಸರಿನಲ್ಲಿ ಶಾಂತಿಧಾರೆ ಮಾಡಿಸಿದರು. ಎಲ್ಲರ ಎದುರಿನಲ್ಲಿ ಅನಂತರಾಜಯ್ಯನವರು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಸುನಂದಮ್ಮ ಎದ್ದು ಹೋಗಿ ವೇಣಿಯ ಕೈಯಿಂದ ನೀರು ಇಸಿದುಕೊಂಡು ಕುಡಿದರು. ಉಳಿದವರೂ ಕುಡಿದರು. ಕೆಲವರು ಕುಡಿಯಲಿಲ್ಲ.

"ನೀವೂ ನನ್ನ ಮೇಲೆ ಅನುಮಾನ ಪಟ್ಟಿದ್ರಿ ಅಲ್ವಾ ಮಾವ?" ಎಂದು ವೇಣಿ ಮೆಲ್ಲಗೆ ಕೇಳಿದಳು.

"ಪಟ್ಟಿದ್ದೆ ಮಗು."

"ಈಗ?"

"ಈಗ ಇಲ್ಲ."

ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಅವರ ಪಕ್ಕದಲ್ಲೇ ಕೈ ಮುಗಿದು ಕೂತಳು. ಗರ್ಭಗುಡಿಯಲ್ಲಿ ಸ್ವಾಮಿಯ ಮೇಲೆ ನೀರು ಸಣ್ಣಗೆ ಧಾರೆಯಾಗಿ ಇಳಿಯುತ್ತಿತ್ತು. ಆ ದಿನ ಗಂಟಲಿನಲ್ಲಿ ನಿಂತಿದ್ದ ಣಮೋಕಾರವನ್ನು ಅನಂತರಾಜಯ್ಯನವರು ಕೊನೆಯ ಸಾಲಿನವರೆಗೆ ಹೇಳಿ ಮುಗಿಸಿ ಕಣ್ಣು ಮುಚ್ಚಿದರು.

ಸ್ವಾಮಿ, ಬದುಕಿದ್ದಷ್ಟು ದಿನ ಒಂದು ಇರುವೆಗೂ ನೋವು ಮಾಡದೆ ನಡೆದ ಜೀವ ಅದು. ಹಸಿದ ಹೊಟ್ಟೆಯಲ್ಲಿ, ನಂಬಿಕೆಯಿಂದ ತಿಂದು ಹೊರಟುಹೋಯಿತು. ಹೋಗುವಾಗ ಅದಕ್ಕೆ ಯಾರ ಮೇಲೂ ಸಿಟ್ಟಿರಲಿಲ್ಲ, ಅನುಮಾನವಿರಲಿಲ್ಲ. ಈಗ ಯಾವ ಗತಿಯಲ್ಲಿದೆಯೋ, ಯಾವ ತಾಯಿಯ ಮಡಿಲಿನಲ್ಲಿದೆಯೋ ನಾವರಿಯೆವು. ಎಲ್ಲಿದ್ದರೂ ಹಸಿವು ಅದನ್ನು ಬಾಧಿಸದಿರಲಿ. ಭಯ ಅದನ್ನು ಮುಟ್ಟದಿರಲಿ. ಧರ್ಮ ಅದರ ಕೈಬಿಡದಿರಲಿ. ನನ್ನ ಅಕ್ಕ ಮರುದೇವಿಯ ಆತ್ಮಕ್ಕೆ ಸದ್ಗತಿಯಾಗಲಿ. ಶಾಂತಿ ಸಿಗಲಿ.